ಉಗುರು ಬೆಳೆಸಿ ಸಮುದ್ರಕ್ಕೆ ಹೋದದ್ದು

ನಮ್ಮ ಕಡೆ ಒಬ್ಬ ಹೆಣ್ಣುಮಗಳು ಏನಾದರೂ ಒಂದು ಹಟ ಹಿಡಿದಳೆಂದರೆ, ಆ ಹಟ ಮುಗಿಯುವ ತನಕ ಅವಳಿಗಿಂತ ಹೆಚ್ಚು ಊರಿನವರಿಗೆ ಕೆಲಸ. ನಾನು ಹಟ ಹಿಡಿದದ್ದು ಉಗುರಿನ ವಿಷಯಕ್ಕೆ. ಅದರಿಂದ ಎಷ್ಟು ಜನಕ್ಕೆ ಕೆಲಸ ಬಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ.

ಎಪ್ಪತ್ತರ ದಶಕದ ಮಾತು. ಶಹಾಬಾದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಉರ್ದು ಕಲಿಸುವ ಬಾಜಿ, ನಮ್ಮ ಹೆಡ್ ಮೇಡಂ ಮತ್ತು ನಾನು, ಮೂವರೂ ಕ್ರಿಸ್‌ಮಸ್ ರಜೆಯಲ್ಲಿ ಗೋವಾಕ್ಕೆ ಹೋಗಿ ಸಮುದ್ರ ನೋಡಿ ಬರುವುದೆಂದು ಮಾತಾಯಿತು. ಮೂವರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಹೆಡ್ ಮೇಡಂ ಜೊತೆಗಿದ್ದಾರೆಂದ ಮೇಲೆ ಬಾಜಿಯ ಮನೆ, ನಮ್ಮ ಮನೆ ಎರಡರಲ್ಲೂ ಯಾರೂ ಬೇಡ ಅನ್ನಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬಿಳಿ ಸೀರೆಯಲ್ಲೇ ತಲೆ ನರೆಸಿದ ಹೆಂಗಸು ಅವರು. ಅವರು ನಡೆದು ಬಂದರೆ ಶಾಲೆಯ ಗಂಟೆ ಕೂಡ ಸುಮ್ಮನಾಗುತ್ತಿತ್ತು.

ತಪಾಸಣೆ

ಅದೇ ಸುಮಾರಿಗೆ ಒಂದು ಮದುವೆಯಲ್ಲಿ ಮುಂಬೈಯ ನನ್ನ ನಾದಿನಿ ಸಿಕ್ಕಿದ್ದಳು. ನನ್ನ ಕೈ ಹಿಡಿದು, ತಿರುವಿ ನೋಡಿ, ನಾಲ್ಕು ಮಂದಿಯ ಎದುರಿಗೆ ಅಂದಳು: "ವೈನಿ, ನಿಮ್ಮ ಕೈ ನೋಡಿದ್ರ ಟೀಚರ್ ಅನಸಂಗಿಲ್ಲ ನೋಡ್ರಿ. ಖಣಿಯಾಗ ಫರ್ಸಿಕಲ್ಲು ಒಡೀತೀರೇನೋ ಅನಸ್ತದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೈ ನೋಡಿಕೊಂಡೆ. ಸೀಮೆಸುಣ್ಣ, ಪಾತ್ರೆ ತಿಕ್ಕುವ ಬೂದಿ, ಎಲ್ಲ ಸೇರಿ ಉಗುರು ಅನ್ನುವುದು ಹೆಸರಿಗಷ್ಟೇ ಉಳಿದಿತ್ತು. ಅವತ್ತೇ ತೀರ್ಮಾನ ಮಾಡಿದೆ. ಉದ್ದನೆಯ, ಬಣ್ಣ ಹಚ್ಚಿದ ಉಗುರು ಇಟ್ಟುಕೊಂಡೇ ಸಮುದ್ರಕ್ಕೆ ಇಳಿಯುವುದು.

ತೊಡಕು ಏನೆಂದರೆ, ಸೋಮವಾರ ಪ್ರಾರ್ಥನೆಯಾದ ಮೇಲೆ ಹುಡುಗಿಯರ ಉಗುರು ನೋಡುವ ಕೆಲಸ ಶಾಲೆಯಲ್ಲಿ ನನ್ನದೇ ಆಗಿತ್ತು. ಉದ್ದ ಬಿಟ್ಟವರನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದೆ. ಒಂದು ಸೋಮವಾರ ಸಣ್ಣ ತರಗತಿಯ ಹುಡುಗಿಯೊಬ್ಬಳು ತನ್ನ ಕೈ ಚಾಚುವ ಬದಲು ನನ್ನ ಕೈಯನ್ನೇ ನೋಡುತ್ತ ನಿಂತಳು.

"ಅಕ್ಕೋರೆ, ನಮ್ಮ ಉಗುರು ನೀವು ನೋಡ್ತೀರಿ. ನಿಮ್ಮವು ಯಾರು ನೋಡ್ತಾರ್ರಿ?"

"ಹೆಡ್ ಮೇಡಂ ನೋಡ್ತಾರ. ಸುಮ್ನ ನಿಂದ್ರು."

"ಕರಕೊಂಡು ಬರ್ಲೇನ್ರಿ?" ಅಂದಳು, ಭಾಳ ವಿನಯದಿಂದ.

ರೊಟ್ಟಿ

ಉಗುರು ಬೆಳೆಸುವುದು ಕಷ್ಟವಲ್ಲ. ಬೆಳೆದ ಉಗುರು ಇಟ್ಟುಕೊಂಡು ಜೋಳದ ರೊಟ್ಟಿ ಬಡಿಯುವುದು ಕಷ್ಟ. ಮೊದಲ ದಿನ ಬಡಿದ ರೊಟ್ಟಿಯ ತುಂಬ ಅರ್ಧಚಂದ್ರನಂಥ ತೂತು. ಅತ್ತೆ ಅದನ್ನು ದೀಪದ ಕಡೆ ಹಿಡಿದು, "ಗಾಳಿ ಆಡ್ಲಿ ಅಂತ ಕಿಟಕಿ ಇಟ್ಟೀಯೇನವ್ವಾ?" ಅಂತ ಕೇಳಿದರು.

ಮರುದಿನ ಬೆರಳು ಮೇಲಕ್ಕೆತ್ತಿ ಬರೀ ಅಂಗೈಯಿಂದ ಬಡಿದೆ. ತೂತು ಬೀಳಲಿಲ್ಲ, ಆದರೆ ರೊಟ್ಟಿ ಅಗಲವೂ ಆಗಲಿಲ್ಲ. ನಮ್ಮ ಮನೆಯವರು ಮುರಿಯಲು ನೋಡಿದರು, ಆಗಲಿಲ್ಲ. ತಾಟಿಗೆ ಕುಟ್ಟಿ ನೋಡಿದರು. ಕೊನೆಗೆ ಅದನ್ನು ಬದಿಗಿಟ್ಟು ಬರೀ ಪುಂಡಿಪಲ್ಯ ತಿಂದು ಎದ್ದರು.

ಉಗುರು ತೆಗೆದುಬಿಡು ಅಂತ ಯಾರಾದರೂ ಅನ್ನುತ್ತಾರೆಂದು ಕಾದೆ. ಅತ್ತೆ ಹಿಟ್ಟಿನ ಬುಟ್ಟಿ ತಮ್ಮ ಕಡೆ ಎಳೆದುಕೊಂಡರು.

"ನೀ ಸಮುದ್ರ ನೋಡಿ ಬರೋತನ ನಾನೇ ಬಡೀತೀನಿ," ಅಂದರು.

ನಮ್ಮ ಮನೆಯವರು ಗಾಬರಿಯಾಗಿ ತಾಯಿಯ ಮುಖ ನೋಡಿದರು.

"ರೊಟ್ಟಿ," ಅಂದರು ಅತ್ತೆ.

ಬಸ್ಸಿನಲ್ಲಿ

ಬಣ್ಣಕ್ಕೆ ಬಾಜಿ ನನ್ನನ್ನು ಚಿತ್ತಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವರ ಮಾಮೂನ, ಅಂದರೆ ಸೋದರಮಾವನ, ಬಳೆ ಅಂಗಡಿ ಇತ್ತು. ನೀವೂ ಹಚ್ಚಿಕೊಳ್ಳಿ ಅಂದದ್ದಕ್ಕೆ ಬಾಜಿ ಬೇಡವೆಂದರು. "ಪಾಲಿಶ್ ಹಚ್ಚಿದ್ರ ಉಗುರಿಗಿ ನೀರು ತಾಕಂಗಿಲ್ಲ ತಂಗಿ, ನಮಾಜಿಗಿ ಮುಂಚಿನ ವುಜೂ ಆಗಂಗಿಲ್ಲ. ನನಗ ಮೆಹಂದಿ ಸಾಕು. ನೀ ಹಚ್ಕೋ, ನಾ ನೋಡಿ ಖುಷಿ ಪಡ್ತೀನಿ."

ಮಾಮೂ ಒಳಗಿನಿಂದ ಕೆಂಪು ಬಣ್ಣದ ಒಂದು ಬಾಟಲಿ ತಂದು ಧೂಳು ಒರೆಸಿ ಕೊಟ್ಟರು. ಮುಚ್ಚಳ ತೆಗೆಯಲು ಅಂಗಡಿಯವರೆಲ್ಲ ಒಂದೊಂದು ಸಲ ಕೈ ಹಾಕಿದರು. ಬಾಜಿ ಅಲ್ಲೇ ಕೂರಿಸಿ, ಅಕ್ಷರ ತಿದ್ದುವಷ್ಟು ಶ್ರದ್ಧೆಯಿಂದ ನನ್ನ ಎರಡೂ ಕೈಗೆ ಹಚ್ಚಿದರು. ಅದು ಆರುವ ಮೊದಲೇ ಶಹಾಬಾದದ ಬಸ್ಸು ಬಂತು. ಬಿಟ್ಟರೆ ಮತ್ತೆ ಸಂಜೆಗೇ ಬಸ್ಸು. ಬಾಜಿ ನನ್ನ ಚೀಲ ಹಿಡಿದುಕೊಂಡು ಹಿಂದಿನಿಂದ ದಬ್ಬಿದರು, ನಾನು ಹೇಗೋ ಹತ್ತಿದೆ. ಅವರಿಗೆ ಮುಂದೆ ಜಾಗ ಸಿಕ್ಕಿತು, ನನಗೆ ಹಿಂದೆ. ಬಣ್ಣ ಯಾರಿಗೂ ತಾಗಬಾರದೆಂದು ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ, ಬೆರಳು ಬಿಡಿಸಿ ಕೂತೆ.

ಕಂಡಕ್ಟರ್ ಬಂದು ನಿಂತ. ನನ್ನ ಕೈ ನೋಡಿದ, ಮುಖ ನೋಡಿದ. ಆಮೇಲೆ ಸಮಾಧಾನವಾಗಿ ಅಂದ: "ಬಾಯಾರೆ, ನಾ ಡಾಕೂ ಅಲ್ರಿ. ಟಿಕೀಟ್ ಕೇಳಾಕತ್ತೀನಿ. ಕೈ ಇಳಸ್ರಿ."

ರೈಲಿನಲ್ಲಿ

ವಾಡಿಯಲ್ಲಿ ಗಾಡಿ ಹತ್ತುವ ಮುಂಚೆ ನಾನು ಒಂದು ಉಪಾಯ ಮಾಡಿದ್ದೆ. ರೈಲಿನ ಕಿಟಕಿ, ಟ್ರಂಕಿನ ಕೊಂಡಿ ಎಲ್ಲ ಉಗುರಿನ ವೈರಿಗಳು. ಹಳೇ ಧೋತರದ ಅರಿವೆ ಸೀಳಿ ಒಂದೊಂದು ಬೆರಳಿಗೂ ಸುತ್ತಿಕೊಂಡೆ.

ಎದುರಿಗೆ ಕುಂಚಾವರಂ ಕಡೆಯ ಒಬ್ಬ ಮುದುಕಿ ಕೂತಿದ್ದಳು, ಗುಂತಕಲ್‌ನಲ್ಲಿದ್ದ ಮಗಳ ಮನೆಗೆ ಹೊರಟವಳು. ಅರ್ಧ ತೆಲುಗು, ಅರ್ಧ ಕನ್ನಡ. ನನ್ನ ಕೈ ನೋಡಿ ಅವಳ ಕಣ್ಣಲ್ಲಿ ನೀರು ಬಂತು. ಸುಟ್ಟುಕೊಂಡಿದ್ದೇನೆ ಅಂತ ತಿಳಿದಳು. ತನ್ನ ಬುತ್ತಿ ಬಿಚ್ಚಿ, ಹುಳಿಯನ್ನದ ತುತ್ತು ಮಾಡಿ ನನ್ನ ಬಾಯಿಗೇ ಇಟ್ಟಳು. ಮಾತಾಡೋಣ ಅಂದರೆ ಬಾಯಿ ಖಾಲಿ ಇರಲು ಬಿಡಲಿಲ್ಲ.

"ಪಾಪ, ಹೆಂಗಾಯ್ತಮ್ಮಾ ಇದು?" ಅಂತ ಹೆಡ್ ಮೇಡಂ ಅವರನ್ನು ಕೇಳಿದಳು.

ಹೆಡ್ ಮೇಡಂ ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಕಿಟಕಿಯ ಹೊರಗೆ ನೋಡುತ್ತ, "ಅಕೀ ನಾದಿನಿ ಒಂದ್ ಮಾತಂದಳು. ಅದರಿಂದ ಹಿಂಗಾಗ್ಯದ," ಅಂದರು.

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗುಂತಕಲ್ ಬರುವ ತನಕ ಆ ಮುದುಕಿ ನನ್ನ ನಾದಿನಿಗೆ ಎರಡೂ ಭಾಷೆಯಲ್ಲಿ ಶಾಪ ಹಾಕಿದಳು. ತೆಲುಗು ನನಗೆ ಅಷ್ಟಾಗಿ ತಿಳಿಯದಿದ್ದರೂ ಮನಸ್ಸಿಗೆ ಭಾಳ ಹಿತವಾಯಿತು.

ಸಮುದ್ರ

ಗೋವಾದಲ್ಲಿ ನನ್ನ ಉಗುರುಗಳ ಸೇವೆ ಇನ್ನೂ ಜೋರಾಯಿತು. ನೀರಿಗೆ ಇಳಿಯುವ ಮುಂಚೆ ಕೊಬ್ಬರಿ ಎಣ್ಣೆ. ಹೊರಗೆ ಬಂದ ಕೂಡಲೇ ಬಾವಿಯ ಸಿಹಿನೀರು. ಉಪ್ಪುನೀರಿಗೆ ಉಗುರು ಒಣಗಿ ಸೀಳುತ್ತದೆ ಅಂತ ಬಾಜಿ ಯಾರಿಂದಲೋ ಕೇಳಿ ಬಂದಿದ್ದರು. ಅವರು ಉಸುಕಿನಲ್ಲಿ ಕೈ ಹಾಕಿ ಚಿಪ್ಪು ಆರಿಸಿದರು. ನಾನು ಕಾಲಿನ ಬೆರಳಿಂದ ಆರಿಸಿದೆ.

ಹೆಡ್ ಮೇಡಂ ನೀರಿನಲ್ಲಿ ಮೊಣಕಾಲಿನ ತನಕ ಬಂದು, ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ನಮ್ಮಿಬ್ಬರಿಗೆ ಶಿಸ್ತು ಹೇಳುತ್ತಿದ್ದರು. "ಇದರ ಮುಂದ ಯಾರೂ ಹೋಗಬಾರದು," ಅನ್ನುವಷ್ಟರಲ್ಲಿ ಹಿಂದಿನಿಂದ ದೊಡ್ಡದೊಂದು ಅಲೆ ಬಂತು. ಮೇಡಂ ಕಾಣಲಿಲ್ಲ. ನೀರು ಹಿಂದೆ ಸರಿಯುವಾಗ ಬಿಳಿ ಸೀರೆಯ ಒಂದು ತುದಿ ಸಮುದ್ರದ ಕಡೆ ಹೊರಟಿತ್ತು.

ನಾನು ಏನೂ ಯೋಚಿಸಲಿಲ್ಲ. ಹೋಗಿ ಬಿದ್ದೆ. ಕೈಗೆ ಅವರ ತೋಳು ಸಿಕ್ಕಿತು, ಉಗುರು ಊರಿ ಹಿಡಿದೆ. ನೀರು ಅತ್ತ ಎಳೆಯಿತು, ನಾನು ಇತ್ತ ಎಳೆದೆ. ಬಾಜಿ ಹಿಂದಿನಿಂದ ನನ್ನ ಸೊಂಟ ಹಿಡಿದು ಜಗ್ಗಿದರು. ಮೂವರೂ ದಂಡೆಯ ಮೇಲೆ ಬಂದು ಬಿದ್ದೆವು.

ಮೇಡಂ ಕೆಮ್ಮಿದರು, ಕಣ್ಣು ಬಿಟ್ಟರು. ತೋಳಿನ ಮೇಲೆಲ್ಲ ಕೆಂಪು ನೋಡಿ ಅವರ ಮುಖ ಬಿಳಿಚಿತು. "ರಕ್ತ," ಅಂದರು.

ಬಾಜಿ ಬಗ್ಗಿ ನೋಡಿ, ಅಂಟಿದ್ದ ಉಗುರಿನ ಚೂರೊಂದನ್ನು ಬೆರಳಿಂದ ಕೆದರಿ ತೆಗೆದು, "ರಕ್ತ ಅಲ್ರಿ ಮೇಡಂ. ಚಿತ್ತಾಪುರದ ಮಾಲು," ಅಂದರು.

ಬೂಟು

ನನ್ನ ಉಗುರುಗಳಲ್ಲಿ ಒಂದು ಕಿರುಬೆರಳಿನದು ಬಿಟ್ಟು ಎಲ್ಲ ಮುರಿದಿದ್ದವು. ಸಂಜೆ ಕೋಣೆಯಲ್ಲಿ ಕೈ ನೋಡುತ್ತ ಕೂತಿದ್ದೆ. ಅಳು ಬಂದಂತಾಗುತ್ತಿತ್ತು. ಆದರೆ ಎದುರಿಗೆ ಮೇಡಂ ಜೀವಂತ ಕೂತು ಚಹಾ ಕುಡಿಯುತ್ತಿದ್ದರು. ಅದನ್ನು ನೋಡಿಕೊಂಡು ಅಳುವುದು ಹೇಗೆ?

ಅವರು ಕಪ್ಪು ಕೆಳಗಿಟ್ಟರು. "ಮತ್ತ ಬೆಳೀತಾವ. ಬಿಡಬ್ಯಾಡ, ಬೆಳಸು," ಅಂದರು. ಆಮೇಲೆ, "ಬಾಟ್ಲಿ ಎಲ್ಲ್ಯದ?" ಅಂತ ಕೇಳಿದರು.

ತೆಗೆದುಕೊಟ್ಟೆ. ಅವರು ಬಾಗಿಲ ಕಡೆ ನೋಡಿ, ಕಾಲು ಮುಂದೆ ಚಾಚಿದರು.

"ಕೈಗಿ ಬ್ಯಾಡ. ಕಾಲಿಗಿ ಹಚ್ಚು. ಸಾಲ್ಯಾಗ ನಾ ಬೂಟು ಹಾಕ್ಕೋತೀನಿ, ಯಾರಿಗಿ ಕಾಣ್ತದ?"

ಬಾಜಿ ಒಂದು ಕಾಲು, ನಾನು ಒಂದು ಕಾಲು ಹಿಡಿದು ಕೂತು ಹಚ್ಚಿದೆವು. ಮೇಡಂ ಆಮೇಲೆ ಭಾಳ ಹೊತ್ತು ತಮ್ಮ ಪಾದವನ್ನೇ ನೋಡಿಕೊಂಡರು. ಆ ಮುಖದಲ್ಲಿ ಅಂಥ ನಗು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆದರೆ ಆ ಬಣ್ಣ ತೆಗೆಯುವ ಔಷಧ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ರಜೆ ಮುಗಿದ ವಾರವೇ ಶಾಲೆಯ ಹೊಸ ಕೋಣೆಯ ಪೂಜೆ ಇತ್ತು. ಇಲಾಖೆಯ ದೊಡ್ಡ ಸಾಹೇಬರು ಬಂದರು. ಹೊಸ್ತಿಲ ಹತ್ತಿರ ಎಲ್ಲರೂ ಚಪ್ಪಲಿ ಬಿಟ್ಟರು. ಹೆಡ್ ಮೇಡಂ ಒಂದು ಗಳಿಗೆ ನಿಂತರು. ಆಮೇಲೆ ಬಗ್ಗಿ, ಬೂಟಿನ ಲಾಡಿ ಬಿಚ್ಚಿ, ಕಾಲು ಹೊರಗೆ ತೆಗೆದು, ಎಲ್ಲರಿಗಿಂತ ಮುಂದೆ ಒಳಗೆ ನಡೆದರು. ಬಿಳಿ ಸೀರೆಯ ಅಂಚಿನ ಕೆಳಗೆ ಕೆಂಪು ಉಗುರು ಝಗಝಗ ಹೊಳೆದವು. ಮಂತ್ರ ಹೇಳುತ್ತಿದ್ದ ಐನೋರು ಮಂತ್ರ ಮರೆತರು.

ಸಾಹೇಬರು ಗಂಟಲು ಸರಿಮಾಡಿಕೊಂಡು, "ಮೇಡಂ, ಕಾಲಿಗೆ ಏನೋ ಆಗಿದೆಯಲ್ಲ?" ಅಂದರು.

"ಹೌದ್ರಿ, ರಜಾದಾಗ ಸಮುದ್ರಕ್ಕ ಹೋಗಿದ್ವಿ," ಅಂದರು ಮೇಡಂ. "ಅಲ್ಲಿಂದ ಬಂದ ಮ್ಯಾಲ ಹಿಂಗಾಗ್ಯದ. ಹೋಗವಲ್ದು."

ಸಾಹೇಬರು ತಲೆ ಅಲ್ಲಾಡಿಸಿದರು. "ಉಪ್ಪುನೀರು. ಹಾಗೇ ಆಗ್ತದೆ," ಅಂದರು. ಪೂಜೆ ಸಾಂಗವಾಗಿ ಮುಗಿಯಿತು.

ಮರುದಿನ ಸಾಹೇಬರ ಜವಾನ ಶಾಲೆಗೆ ಬಂದ. ಮೇಡಂ ಅವರ ಮೇಜಿನ ಮುಂದೆ ನಿಂತು, ಟೋಪಿ ಕೈಯಲ್ಲಿ ಹಿಡಿದುಕೊಂಡು ಅಂದ:

"ಸಾಹೇಬರ ಮನಿಯಾಗ ಬಾಯಿಸಾಬ್ರು ಕೇಳಿ ಬಾ ಅಂದಾರ್ರಿ. ಅದು ಯಾವ ಸಮುದ್ರ ಅಂತ."