ನಮ್ಮ ಓಣಿಯ ಸರ್ಕಾರ ಬಿದ್ದ ದಿನ

ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಜನ ಒಪ್ಪಿ ಅಧಿಕಾರ ಕೊಟ್ಟರೆ ಮಾತ್ರ ಅದು ಸರ್ಕಾರ ಎಂಬ ಸಾಮಾಜಿಕ ಒಪ್ಪಂದದ ಪಾಠ ನನಗೆ ಬಾಯಿಪಾಠ. ಅದನ್ನು ಕಾಲೇಜಿನಲ್ಲೇ ಬಿಟ್ಟು ಬರಬೇಕಿತ್ತು. ಓಣಿಗೂ ತಂದೆ!

ನಮ್ಮ ಓಣಿಗೆಲ್ಲ ಒಂದೇ ಬೋರು, ಒಂದೇ ಟ್ಯಾಂಕು. ಯಾರ ಮನೆಗೆ ಯಾವಾಗ ನೀರು ಎಂದು ತೀರ್ಮಾನಿಸಿ ವಾಲ್ವ್ ತಿರುಗಿಸುವವರು ಎದುರುಮನೆಯ ಗಂಗಮ್ಮ. ಆ ಶನಿವಾರ ನಾನು ಮುಖಕ್ಕೆ ಸೋಪು ಹಚ್ಚಿದ್ದಾಗಲೇ ನೀರು ನಿಂತಿತು. ನೊರೆಯ ಸಮೇತ ಬೀದಿಗೆ ಬಂದು ಗುಡುಗಿದೆ.

“ಗಂಗಮ್ಮಾರ, ನಿಮಗ ಈ ಅಧಿಕಾರ ಕೊಟ್ಟೋರು ಯಾರ್ರಿ? ನಾನಂತೂ ಒಪ್ಪಿಗಿ ಕೊಟ್ಟಿಲ್ಲ!”

“ಹೌದಲ್ಲ, ನಾನೂ ಕೊಟ್ಟಿಲ್ಲ,” ಎಂದ ತಗ್ಗಿನ ಮನೆಯ ಲಾರಿ ಡ್ರೈವರ್ ಹನುಮಂತಪ್ಪ. ಜನ ಸೇರಿದರು. ಒಪ್ಪಿಗೆಯಿಲ್ಲದ ಆಡಳಿತವನ್ನು ಈ ಕ್ಷಣದಿಂದಲೇ ರದ್ದುಪಡಿಸಲಾಗಿದೆ ಎಂದು ಘೋಷಿಸಿದೆ. ಚಪ್ಪಾಳೆಯೋ ಚಪ್ಪಾಳೆ! ಗಂಗಮ್ಮ ವಾಲ್ವಿನ ಚಾವಿಯನ್ನು ನನ್ನ ಸೋಪಿನ ಕೈಗಿಟ್ಟು ಒಳಗೆ ಹೋದರು.

ನನ್ನ ಹೆಂಡತಿ ಶಾರದಾ ಮಾತ್ರ ಹಣೆ ಚಚ್ಚಿಕೊಂಡಳು. “ನಾಳೆ ನಮ್ಮ ರೂಪಾನ್ನ ನೋಡಾಕ ಸಂಡೂರಿನಿಂದ ಗಂಡಿನ ಕಡೆಯೋರು ಬರ್ತಾರ. ಇವತ್ತ ಕ್ರಾಂತಿ ಮಾಡಬೇಕಿತ್ತೇನ್ರಿ?”

“ಸ್ವತಂತ್ರ ಜನ ತಾವೇ ಹೊಂದ್ಕೊಂಡು ಹೋಗ್ತಾರ, ನೋಡ್ತಿರು!”

ನೋಡಿದಳು. ನನ್ನಿಂದ ಚಾವಿ ಇಸಿದುಕೊಂಡು ಎಲ್ಲರೂ ತಮ್ಮ ತಮ್ಮ ಮನೆಯ ವಾಲ್ವ್ ತೆರೆದೇ ಬಿಟ್ಟಿದ್ದರು. ಹನುಮಂತಪ್ಪ ಲಾರಿ ತೊಳೆದ. ಮೂಲೆಮನೆಯವರು ಮನೆಯ ಕಂಬಳಿಯನ್ನೆಲ್ಲ ಒಗೆದರು. ಭಾನುವಾರ ಬೆಳಿಗ್ಗೆ ಬೋರಿನಿಂದ ಬಂದಷ್ಟೂ ನೀರನ್ನು ತಗ್ಗಿನ ಮನೆಗಳೇ ಎಳೆದುಕೊಂಡವು. ದಿಬ್ಬದ ಮೇಲಿನ ನಮ್ಮ ಮನೆಗೆ ಹನಿಯೂ ಇಲ್ಲ. ಚಾವಿ ಹಿಡಿದು ಹನುಮಂತಪ್ಪನ ವಾಲ್ವ್ ಮುಚ್ಚಲು ಬಗ್ಗಿದೆ.

“ಸರ, ನಿಮಗ ಅಧಿಕಾರ ಕೊಟ್ಟೋರು ಯಾರ್ರಿ?” ಎಂದ.

ಗಂಗಮ್ಮನ ಬಾಗಿಲಿಗೆ ಓಡಿದೆ. “ಗಂಗಮ್ಮಾರ, ಸಂಪೂರ್ಣ ಒಪ್ಪಿಗಿ ಐತ್ರಿ. ನೀವೇ ಆಳ್ರಿ!”

“ನೀವು ಒಪ್ಪಿದ್ರಿ. ನಾನು ಒಪ್ಪಬೇಕಲ್ರಿ ಸರ? ಇಷ್ಟು ವರ್ಷ ಎಲ್ಲಾರೂ ಬೈದ್ರಿ, ಯಾರರ ನನ್ನ ಕೇಳಿದ್ರೇನು? ನಿನ್ನೆ ರಾತ್ರಿ ಭಾಳ ಚಲೋ ನಿದ್ದಿ ಬಂತು.” ಬಾಗಿಲು ಮುಚ್ಚಿತು.

ಆಗಲೇ ಗಂಡಿನ ಕಡೆಯ ಕಾರು ಬಂತು. ದಾರಿಯಲ್ಲಿ ಟೈರು ಪಂಚರಾಗಿ ಇಳಿದಿದ್ದರಂತೆ, ಎಲ್ಲರ ಕಾಲಿಗೂ ಅದಿರು ಗಣಿಯ ಕೆಂಪು ಧೂಳು. ಶಾರದಾ ಅಂಗಡಿಯಿಂದ ಕುಡಿಯುವ ನೀರಿನ ಕ್ಯಾನು ತರಿಸಿ ಚೊಂಬಿಗೆ ಬಗ್ಗಿಸಿ ಕಾಲು ತೊಳೆಯಲು ಕೊಟ್ಟಳು.

ಹುಡುಗನ ತಂದೆ ಬೆಚ್ಚಿದರು. “ಅಬ್ಬಬ್ಬಾ! ಕ್ಯಾನಿನ ನೀರಾಗ ಕಾಲು ತೊಳಕೊಳ್ಳೋ ಮಂದಿ ನೀವು. ನಿಮ್ಮ ಮಗಳನ್ನ ಸಾಕೋದು ನಮ್ಮ ಕೈಲಿ ಆಗಂಗಿಲ್ಲ ಬಿಡ್ರಿ!” ಉಪ್ಪಿಟ್ಟು ತಿಂದು ಹೋಗಿಯೇಬಿಟ್ಟರು.

ತಲೆ ಮೇಲೆ ಕೈ ಹೊತ್ತು ಕೂತೆ. ರೂಪಾ ನಗುತ್ತಾ ಬಂದು ಪಕ್ಕದಲ್ಲಿ ಕೂತಳು. “ಚಲೋ ಆತು ಬಿಡಪ್ಪಾ. ನನಗೂ ಆ ಹುಡುಗ ಬ್ಯಾಡಾಗಿದ್ದ.”

“ಮತ್ತ ಮೊದಲೇ ಹೇಳಬಾರದೇನವ್ವ?”

“ನೀ ನನ್ನ ಕೇಳಿದ್ಯೇನು?”