ಹಬ್ಬವಿಲ್ಲದ ಮನೆಯ ಮಗುವಿಗೆ ಬೇವು-ಬೆಲ್ಲ

ಅಂಗನವಾಡಿಯಲ್ಲಿ ಹಬ್ಬ ಮಾಡಲು ಹೊರಟರೆ ಏನಾದರೊಂದು ಆಗದೆ ಇರುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಕ್ಯಾತನಹಳ್ಳಿಯಲ್ಲಿ ಟೀಚರ್ ಆಗಿದ್ದಾಗ, ಒಂದು ಯುಗಾದಿಯ ಹಿಂದಿನ ದಿನ ಎಲ್ಲವೂ ಒಟ್ಟಿಗೇ ಆಯಿತು. ಆ ವರ್ಷ ನಮ್ಮ ಮಕ್ಕಳಲ್ಲಿ ಒಬ್ಬಳ ತಾಯಿ ತೀರಿಹೋಗಿದ್ದಳು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ನನ್ನ ಕೈಯಿಂದಲಾದರೂ ಆ ಮಗುವಿಗೆ ಚೂರು ಬೇವು-ಬೆಲ್ಲ ಸಿಗಲಿ ಎಂದು ನನಗೆ ತುಂಬಾ ಆಸೆಯಿತ್ತು.

ತೋರಣ

ಎರಡೆರಡು ಮಾವಿನೆಲೆ ತನ್ನಿ ಎಂದಿದ್ದೆ. ಮಕ್ಕಳೆಲ್ಲ ಸೇರಿ ಪಕ್ಕದ ತೋಟದಿಂದ ಕಾಯಿ ಸಮೇತ ಒಂದು ಕೊಂಬೆಯನ್ನೇ ಎಳೆದು ತಂದರು. ಹಿಂದೆಯೇ ತೋಟದ ಯಜಮಾನರು ಬಂದರು.

"ಏನ್ ಟೀಚರೇ, ಇಂಗಾ ಮುರ್ಯೋದು?"

ನಾನು ಬಾಯಿ ಬಿಡುವ ಮೊದಲೇ ಒಬ್ಬ ಪುಟಾಣಿ, "ಎಲೆ ಕಿತ್ರೆ ಮರುಕ್ಕೆ ನೋಯ್ತದೆ ಅಂತ ಟೀಚರ್ ಏಳವ್ರೆ. ಅದ್ಕೇ ನಾವು ಒಂದೆಲೇನೂ ಕೀಳ್ಲಿಲ್ಲ" ಎಂದ.

ಯಜಮಾನರು ಕಾಯಿಗಳನ್ನು ಮಾತ್ರ ಬಿಡಿಸಿಕೊಂಡು ಹೋದರು.

ಅಜ್ಜಿ

ತೋರಣ ಕಟ್ಟಿ ಬೇವು-ಬೆಲ್ಲ ಕಲೆಸಬೇಕು, ಅಷ್ಟರಲ್ಲಿ ಆ ಮಗುವಿನ ಅಜ್ಜಿ ಬಂದರು.

"ನಮ್ಮ ಕೂಸ್ಗೆ ಇದ ಕೊಡ್ಬ್ಯಾಡಿ ಕಣವ್ವ. ನಮ್ಗೆ ಹಬ್ಬ ಇಲ್ಲ."

ಮಗು ಚಾಚಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿತು. ನನಗೆ ಅಳುವೇ ಬಂತು. ಸೊಸೆಯನ್ನು ಕಳೆದುಕೊಂಡ ಆ ಹೆಂಗಸಿಗೆ ಎದುರಾಡುವುದಾದರೂ ಹೇಗೆ?

ಮಗುವಿನ ಪಕ್ಕದಲ್ಲಿದ್ದ ಪುಟ್ಟ ಗೆಳತಿ ಕೇಳಿದಳು: "ಅಜ್ಜಿ, ಬರೀ ಬೇವು ತಿನ್ಬೋದಾ?"

"ತಿನ್ಬೋದು, ಔಷ್ದಿ ಅಲ್ವಾ."

"ಬರೀ ಬೆಲ್ಲ?"

"ಅದ ಆಲೆಮನೇಲಿ ದಿನಾ ತಿಂತಾಳಲ್ಲ."

"ಅಂಗಾರೆ ಬ್ಯಾರೆ ಬ್ಯಾರೆ ಕೊಟ್ಬುಡಿ. ಹಬ್ಬ ಆಗಾಕಿಲ್ಲ!"

ಅಜ್ಜಿ ಯೋಚಿಸಿದರು. ತಪ್ಪು ಸಿಗಲಿಲ್ಲ. "ಊಂ, ಕೊಡಿ" ಎಂದರು.

ನಮ್ಗೂ ಇಲ್ಲ

ನಾನು ಒಂದು ಎಲೆಯ ಮೇಲೆ ಬೇವು, ಇನ್ನೊಂದರ ಮೇಲೆ ದೊಡ್ಡ ಬೆಲ್ಲದಚ್ಚು ಇಟ್ಟೆ. ಕಹಿ ಸೋಕದ ಆ ಬೆಲ್ಲವನ್ನು ಉಳಿದ ಮಕ್ಕಳು ನೋಡಿಬಿಟ್ಟರು.

"ಟೀಚರ್, ನಮ್ಮನೇಲೂ ಹಬ್ಬ ಇಲ್ಲ!"

"ನಮ್ಗೂ ಇಲ್ಲ! ಬ್ಯಾರೆ ಬ್ಯಾರೆ ಕೊಡಿ!"

ಅಜ್ಜಿ ಹೌಹಾರಿದರು. "ಬುಡ್ತು ಅನ್ರೋ! ಅಂಥ ಮಾತ ಆಡ್ಬಾರ್ದು ಕಣ್ರಪ್ಪಾ!" ಎನ್ನುತ್ತಾ ತಾವೇ ಕೂತು ಬೇವು-ಬೆಲ್ಲ ಎರಡನ್ನೂ ಕಲೆಸಿದರು. ಸಾಲಾಗಿ ನಿಲ್ಲಿಸಿ ಒಂದೊಂದೇ ಬಾಯಿಗೆ ತುರುಕಿದರು. ಕೊನೆಯ ಬಾಯಿ ಮೊಮ್ಮಗಳದೇ. ಹಾಕಿದ ಮೇಲೆಯೇ ಅವರಿಗೆ ಹೊಳೆದದ್ದು.

ಮಗು ಹೆದರಿ, ಬಾಯಿ ಮುಚ್ಚದೆಯೇ ಕೇಳಿತು: "ಉಗುದ್ಬುಡ್ಲಾ ಅಜ್ಜಿ?"

ಅಜ್ಜಿ ಬಾಗಿಲ ಕಡೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ನುಂಗ್ಬುಡು ಮಗ. ಯಾರಾರ ನೋಡೋಕ್ ಮುಂಚೆ ಬ್ಯಾಗ ನುಂಗ್ಬುಡು!"