ಕೋಗಳಿ ಹೊಂಡದ ಗಂಡು ನುಸಿ

ನಮ್ಮ ಸೋದರಮಾವ ಸ್ವಂತ ಷಡ್ಡಕನನ್ನೇ ಮದುವೆಮನೆಯಲ್ಲಿ "ತಾವು ಯಾರ್ರಿ?" ಎಂದು ಕೇಳಿದವರು. ಆದರೆ ನುಸಿಯ ಎಂಟು ಕಾಲುಗಳ ಮೇಲೆ ಎಲ್ಲೆಲ್ಲಿ ಎಷ್ಟು ಕೂದಲಿವೆ ಎಂದು ನಿದ್ದೆಯಲ್ಲೂ ಹೇಳಬಲ್ಲರು. ಇಂಥವರನ್ನು ಮರೆಗುಳಿ ಎನ್ನುವುದು ಹೇಗೆ?

ಮಾವ ಕೊಟ್ಟೂರಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಕೋಗಳಿ ಕಡೆಯ ಹೊಂಡವೊಂದರಲ್ಲಿ ಅವರಿಗೆ ರಾಗಿಕಾಳಿಗಿಂತ ಸಣ್ಣ ಕೆಂಪು ನೀರುನುಸಿ ಸಿಕ್ಕಿತು. ಯಾವ ಪುಸ್ತಕದಲ್ಲೂ ಇಲ್ಲದ್ದು! ಆದರೆ ಸಿಕ್ಕಿದ್ದೆಲ್ಲ ಹೆಣ್ಣು. ಈ ಕುಲದಲ್ಲಿ ಗಂಡಿನ ಬಾಲದ ಆಕಾರ ವಿವರಿಸದಿದ್ದರೆ ಹೊಸ ಜಾತಿ ಎಂದು ಯಾರೂ ಒಪ್ಪುವುದಿಲ್ಲವಂತೆ. ಮೇ ಕೊನೆಗೆ ಮಾವನ ನಿವೃತ್ತಿ. ಆಮೇಲೆ ಕಾಲೇಜಿನ ಸೂಕ್ಷ್ಮದರ್ಶಕವೂ ಇಲ್ಲ.

ಅವರ ಮನೆಯಲ್ಲಿದ್ದು ಓದುವ ನಾನು ಡೈರಿಯಲ್ಲಿ ಲೆಕ್ಕ ಇಟ್ಟೆ. ಜನವರಿ 12: ಹೆಣ್ಣು ಒಂಬತ್ತು, ಗಂಡು ಸೊನ್ನೆ. ಫೆಬ್ರವರಿ 2: ಹೆಣ್ಣು ಹದಿನಾಲ್ಕು, ಗಂಡು ಸೊನ್ನೆ, ಹೊಂಡದಲ್ಲಿ ಕಳೆದ ಚಪ್ಪಲಿ ಒಂದು.

"ಮನ್ಯಾಗ ಬೆಳೆದ ಹುಡುಗಿ ಅದಾಳ, ಆಕಿಗೆ ಗಂಡು ನೋಡ್ರಿ ಅಂದ್ರ ಇವರು ನುಸಿಗೆ ನೋಡಾಕ ಹತ್ಯಾರ," ಎಂದರು ಅತ್ತೆ, ನನ್ನತ್ತ ಕೈ ತೋರಿಸಿ.

"ಹುಡುಗಿ ಇನ್ನೂ ಓದಾಕ ಹತ್ಯಾಳ. ನುಸಿಗೆ ಆ ನೆಪ ಇಲ್ಲ," ಎಂದರು ಮಾವ.

ಮಾರ್ಚ್ 3ರಂದು ಮಾವ ಹೊಂಡದ ನೀರನ್ನು ಪಾಯಸದ ಬಟ್ಟಲುಗಳಲ್ಲಿ ತುಂಬಿಟ್ಟರು. ಅತ್ತೆ ಅದನ್ನು ಮುಸುರೆ ನೀರೆಂದುಕೊಂಡು ಕರಿಬೇವಿನ ಬುಡಕ್ಕೆ ಸುರಿದರು. ಮಾವ ಭೂತಗನ್ನಡಿ ಹಿಡಿದು ಗಿಡದ ಬುಡದಲ್ಲಿ ಬೋರಲು ಮಲಗಿದರು.

"ಮೇಷ್ಟ್ರ, ಉಂಗುರ ಬಿತ್ತೇನ್ರಿ?" ಪಕ್ಕದ ಮನೆಯವರು ಕೇಳಿದರು.

"ಇಲ್ರಿ, ನುಸಿ ಬಿದ್ದೈತಿ."

ಅವರು ಮೆಲ್ಲಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಂದಿನ ಭಾನುವಾರ ಹೊಸ ನೀರು ಬಂತು. ತಪ್ಪು ಮಾಡಿದ ಮುಖದ ಅತ್ತೆ, "ತರ್ರಿ ಇಲ್ಲಿ," ಎಂದು ಬಿಳಿ ತಟ್ಟೆಗೆ ಸುರಿಸಿಕೊಂಡು, ಅಕ್ಕಿ ಆರಿಸಲು ಕೂರುವ ಹೊಸ್ತಿಲ ಬೆಳಕಿನಲ್ಲೇ ಕೂತರು. ತಟ್ಟೆಯನ್ನು ಓರೆ ಮಾಡಿ, ತಿರುಗಿಸಿ, ಮತ್ತೆ ಓರೆ ಮಾಡಿದರು. "ಓರಿ ಮಾಡಿದ್ರ ಹುಳ ತಾನ ಓಡತೈತಿ. ನೀವು ಗಾಜಿನ್ಯಾಗ ಕಣ್ಣಿಟ್ಟು ಒಂದ ಕಡಿ ಕೂಡತೀರಿ."

ಸ್ವಲ್ಪ ಹೊತ್ತಾದ ಮೇಲೆ, "ಇದೊಂದು ಉಳಿದವುರಂಗ ಗುಂಡಗಿಲ್ಲ ನೋಡ್ರಿ," ಎಂದರು.

ಮಾವ ನೋಡಿದರು. ಭೂತಗನ್ನಡಿ ತಂದು ಅದರ ಬಾಲ ನೋಡಿದರು. ಡೈರಿ: ಗಂಡು ಒಂದು.

ನುಸಿಗೆ ಹೆಂಡತಿಯ ಹೆಸರಿಡುತ್ತೇನೆಂದರು ಮಾವ. "ಹುಳಕ್ಕ ನನ್ನ ಹೆಸರಿಟ್ರ ತವರಿಗೆ ಹೋಗ್ತೀನಿ," ಎಂದರು ಅತ್ತೆ. ಕೊನೆಗೆ ಕೋಗಳಿಯ ಹೆಸರೇ ಆಯಿತು.

ಏಪ್ರಿಲ್ 20ರಂದು ಮಾವ ಆ ಗಂಡು ನುಸಿಯಿದ್ದ ಗಾಜಿನ ಪಟ್ಟಿಗೆ ಉಗುರಗಲದ ಚೀಟಿ ಅಂಟಿಸಿದರು. ಊರು, ತಾರೀಖು, ಕೆಳಗೆ 'ಹುಡುಕಿದವರು'. ಅಲ್ಲಿದ್ದ ಹೆಸರು ನನಗೆ ಗೊತ್ತಿರಲಿಲ್ಲ. ಅತ್ತೆ ಓದಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮತ್ತೊಮ್ಮೆ ಓದಿದರು. ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿ ಬದಲಾಯಿಸಿದ್ದ, ತವರಿನವರೂ ಕರೆಯುವುದು ಬಿಟ್ಟಿದ್ದ, ಅವರ ಮೊದಲಿನ ಹೆಸರು.

"ಇದು ನಿಮಗಿನ್ನೂ ನೆನಪೈತೇನ್ರಿ?"

ಷಡ್ಡಕನ ಮುಖ ಮರೆತವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅದು ಆಗಲೇ ಸ್ವಚ್ಛವಾಗಿತ್ತು.